ಪತ್ತೇದಾರಿ ಕಾದಂಬರಿಕಾರರಿಗೆ ನಾವು ಕೊಟ್ಟಿದ್ದೇನು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ಭಿತ್ತಿಪತ್ರಿಕೆಗೆ ಒಂದು ಪತ್ತೇದಾರಿ ಧಾರಾವಾಹಿ ಬರೆಯೋಣ ಅಂತ ನಾವು ನಾಲ್ಕು ಜನ ಹೊರಟೆವು. ನಾಲ್ವರೂ ಇರುವುದು ನಿಜಲಿಂಗಪ್ಪ ಬಡಾವಣೆಯ ಒಂದೇ ಬಾಡಿಗೆ ಮನೆಯಲ್ಲಿ. ಕಥೆಯೂ ಅಲ್ಲೇ ನಡೆಯಲಿ ಎಂದುಕೊಂಡೆವು. ರಿಂಗ್ ರೋಡಿನ ಹಿಂದಿನ ಕ್ರಾಸಿನಲ್ಲಿ ಒಂದು ದೊಡ್ಡ ಮನೆ, ರಾತ್ರಿ ಕರೆಂಟ್ ಹೋದಾಗ ಬೀರುವಿನಿಂದ ಮಾಯವಾದ ಚಿನ್ನದ ಸರ, ಮನೆಯೊಳಗೆ ಐದು ಜನ. ನಾಲ್ಕು ಕಂತಿನಲ್ಲಿ ಮುಗಿಸೋದು, ಏನು ಮಹಾ ಕಷ್ಟ ಅನ್ನೋದು ನಮ್ಮ ಲೆಕ್ಕ.

ಮೊದಲ ಕಂತು ಅಂಟಿಸಿದ ದಿನವೇ ಒಬ್ಬ ಜೂನಿಯರ್ ಕೇಳಿದ: "ಅಣ್ಣಾ, ಆ ರೋಡಲ್ಲಿ ಸಿಸಿಟಿವಿ ಇಲ್ವಾ?" ಎರಡನೇ ಕಂತಿನಲ್ಲಿ ಕರೆಂಟ್ ಜೊತೆ ಕ್ಯಾಮೆರಾನೂ ಆಫ್ ಆಗಿತ್ತು ಅಂತ ಸೇರಿಸಿದೆವು. "ಅಷ್ಟು ದೊಡ್ಡ ಮನೇಲಿ ಯುಪಿಎಸ್ ಇರಲ್ವಾ?" ಅಂದ. ಮೂರನೇ ಕಂತಿನ ಹೊತ್ತಿಗೆ ಕಳ್ಳ ಯಾರು ಅನ್ನೋದು ಇಡೀ ಇಸಿ ಡಿಪಾರ್ಟ್‌ಮೆಂಟಿಗೆ ಗೊತ್ತಾಗಿತ್ತು. ನಾಲ್ಕನೇ ಕಂತು ಬರಲೇ ಇಲ್ಲ. ಇಂಟರ್ನಲ್ಸ್ ಇದ್ದವು ಅಂತ ನೆಪ ಹೇಳಿ ತಪ್ಪಿಸಿಕೊಂಡೆವು.

ವಿಷಯ ತಿಳಿದ ನಮ್ಮ ಓನರ್ ಅಜ್ಜ ನಕ್ಕರು. "ಏನ್ರಪ್ಪಾ, ಮೂರು ಕಂತಿಗೇ ಸುಸ್ತಾದ್ರಾ? ನರಸಿಂಹಯ್ಯನೋರು ಎಷ್ಟು ಬರೆದಾರೆ ಗೊತ್ತೇನು?" ಅಜ್ಜ ಓದುವ ಹುಚ್ಚಿದ್ದ ಕಾಲದಲ್ಲಿ ಬಾಡಿಗೆ ಲೈಬ್ರರಿಯಿಂದ ದಿನಕ್ಕೊಂದು ಪುಸ್ತಕ ತಂದು, ಮರುದಿನದ ಬಾಡಿಗೆ ಬೀಳುವ ಮೊದಲೇ ಓದಿ ವಾಪಸ್ ಕೊಡುತ್ತಿದ್ದರಂತೆ.

ನಮಗೆ ಗೊತ್ತಿರಲಿಲ್ಲ, ಆಮೇಲೆ ತಿಳಿದುಕೊಂಡೆವು. ಎನ್. ನರಸಿಂಹಯ್ಯ ಹುಟ್ಟಿದ್ದು 1925ರಲ್ಲಿ, ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನ ತನಕ. 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ' ಬಂತು. 2011ರಲ್ಲಿ ಅವರು ತೀರಿಕೊಳ್ಳುವಾಗ ಅವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿಗಳಿದ್ದವು. 1952ರಿಂದ ಕೊನೆಯ ತನಕ ಒಂದು ವರ್ಷವೂ ಬಿಡದೆ ಬರೆದರು ಅಂತಲೇ ಹಿಡಿಯಿರಿ, ಆಗಲೂ ವರ್ಷಕ್ಕೆ ಎಂಟಕ್ಕಿಂತ ಹೆಚ್ಚಾಗುತ್ತದೆ. ನಮಗೆ ಸೆಮಿಸ್ಟರಿಗೆ ಒಂದು ಮಿನಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವಷ್ಟರಲ್ಲಿ ಬೆನ್ನು ಬಗ್ಗಿರುತ್ತದೆ.

ಇಷ್ಟು ಹೇಳಿದರೆ ಕೆಲವರು "ಅದೆಲ್ಲ ಟೈಮ್ ಪಾಸ್ ಬರವಣಿಗೆ, ಸಾಹಿತ್ಯ ಅಲ್ಲ" ಅಂತಾರೆ. ನಮ್ಮ ಸಂಘದ ಸಭೆಯಲ್ಲೇ ಈ ಮಾತು ಬಂತು. ನಾವು ಒಪ್ಪುವುದಿಲ್ಲ. ಸೋತು ನೋಡಿದ್ದೇವೆ, ಅದಕ್ಕೇ ಹೇಳುತ್ತಿದ್ದೇವೆ.

ಬೇರೆ ಕಾದಂಬರಿಯಲ್ಲಿ ಬರೆಯುತ್ತಾ ಹೋದಂತೆ ದಾರಿ ಸಿಗಬಹುದು. ಇಲ್ಲಿ ಬಹಳ ಸಲ ಕೊನೆಯಿಂದ ಹಿಂದಕ್ಕೆ ಕಟ್ಟಿಕೊಂಡು ಬರಬೇಕು. ಅಪರಾಧ ಹೇಗಾಯಿತು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಇದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಓದುಗನಿಗೆ ಸುಳಿವನ್ನು ತೋರಿಸಿಯೂ ತೋರಿಸದ ಹಾಗೆ ಇಡಬೇಕು. ಪೂರ್ತಿ ಮುಚ್ಚಿಟ್ಟರೆ ಮೋಸ, ಪೂರ್ತಿ ತೋರಿಸಿದರೆ ಬೋರು. ವಾರಪತ್ರಿಕೆಯ ಧಾರಾವಾಹಿಯಾದರೆ ಇನ್ನೂ ಕಷ್ಟ: ಹಿಂದಿನ ಕಂತು ಅಚ್ಚಾಗಿ ಮನೆಮನೆ ಸೇರಿರುತ್ತದೆ, ತಿದ್ದುವ ಹಾಗಿಲ್ಲ. ನಮ್ಮ ಯುಪಿಎಸ್ ಕಥೆ ಆದದ್ದೂ ಹೀಗೇ.

ಮೇಲಿಂದ ಕಾಲ ಬದಲಾದ ಹಾಗೆಲ್ಲ ಪಾಠ ಹೊಸದಾಗಿ ಕಲಿಯಬೇಕು. ಮೊಬೈಲ್ ಟವರ್ ಲೊಕೇಶನ್, ಯುಪಿಐ ಪಾವತಿಯ ಟೈಮು, ಕ್ಯಾಮೆರಾ. ಪುರುಷೋತ್ತಮನ ಕಾಲದಲ್ಲಿ ಇವ್ಯಾವೂ ಇರಲಿಲ್ಲ. ಕಾನೂನೂ ಬದಲಾಗಿದೆ. ಕೊಲೆ ಅಂದರೆ 302 ಎಂದು ಸಿನಿಮಾ ನೋಡಿ ಬೆಳೆದವರು ನಾವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಅದು 103 ಆಗಿದೆ. ಕೊನೆಯ ಅಧ್ಯಾಯದಲ್ಲಿ ಅಪರಾಧಿ ಇನ್‌ಸ್ಪೆಕ್ಟರ್ ಮುಂದೆ ಕುಸಿದು "ಹೌದು, ನಾನೇ ಮಾಡಿದ್ದು" ಅನ್ನುತ್ತಾನಲ್ಲ, ಪೊಲೀಸರ ಮುಂದಿನ ಆ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಹೀಗೇ ಇದೆ. ಇದನ್ನೆಲ್ಲ ತಿಳಿಯದೆ ಬರೆದರೆ ಓದುಗ ನಗುತ್ತಾನೆ.

ಕೆಲವೊಮ್ಮೆ ನಿಜ ಘಟನೆಯೇ ಕಥೆಗಾರನ ಹೊಟ್ಟೆ ಮೇಲೆ ಹೊಡೆಯುತ್ತದೆ. ನಮ್ಮ ಜಿಲ್ಲೆಯ ಪೊಲೀಸ್ ನಾಯಿ ತುಂಗಾ 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಹಿಡಿದದ್ದು ಎಲ್ಲರಿಗೂ ನೆನಪಿದೆ. ಇದನ್ನೇ ನಾವು ಕಥೆಯಲ್ಲಿ ಬರೆದಿದ್ದರೆ ಅದೇ ಜೂನಿಯರ್ "ಅಣ್ಣಾ, ಸ್ವಲ್ಪ ಜಾಸ್ತಿ ಆಯ್ತು" ಅಂತಿದ್ದ.

ಈಗ ದುಡ್ಡಿನ ಮಾತು. 200 ರೂಪಾಯಿಯ ಕಾದಂಬರಿ, ಸಾವಿರ ಪ್ರತಿ, ಲೇಖಕರಿಗೆ ನೂರಕ್ಕೆ ಹತ್ತು ಗೌರವಧನ ಅಂತ ಲೆಕ್ಕ ಹಾಕೋಣ. ಸಾವಿರವೂ ಮಾರಾಟವಾದರೆ 20,000 ರೂಪಾಯಿ. ಬರೆಯಲು ಒಂದು ವರ್ಷ ಹಿಡಿದರೆ ತಿಂಗಳಿಗೆ 1,667. ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮಲ್ಲಿ ಒಬ್ಬೊಬ್ಬರು ಕೊಡುವ ಬಾಡಿಗೆಯೇ ಇದಕ್ಕಿಂತ ಹೆಚ್ಚು. ಹಾಗಾಗಿ ಬರೆಯುವವರು ಹಗಲು ಬೇರೆ ಕೆಲಸ ಮಾಡಲೇಬೇಕು. ಹಿಂದಿಯಲ್ಲಿ ಸುಮಾರು ಮುನ್ನೂರು ಕಾದಂಬರಿ ಬರೆದ ಸುರೇಂದ್ರ ಮೋಹನ್ ಪಾಠಕ್ ನಿವೃತ್ತಿಯ ತನಕ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ನೌಕರಿ ಮಾಡಿದವರು. 'ಕನಕ ಮುಸುಕು' ಬರೆದ ನಮ್ಮ ಕೆ.ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿ. ಅಂದರೆ ದಿನದ ದುಡಿಮೆ ಮುಗಿದು, ಮನೆಯ ಕೆಲಸ ಮುಗಿದು, ಉಳಿದ ಹೊತ್ತಿನಲ್ಲಿ ಆ ಐದು ಜನರಲ್ಲಿ ಕಳ್ಳ ಯಾರು ಅಂತ ಯೋಚಿಸುವ ಕೆಲಸ. ಎರಡು ದಿನ ಬಿಟ್ಟು ಕೂತರೆ ಯಾರ ಜೇಬಿನಲ್ಲಿ ಬೀಗದ ಕೈ ಇತ್ತು ಅನ್ನೋದೇ ಮರೆತಿರುತ್ತದೆ. ನಮಗೆ ಆದದ್ದೂ ಅದೇ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಧಾರಾವಾಹಿ ಬರೆಯುವ ಮೊದಲು "ಸ್ಟಡಿ ಮಾಡೋಣ" ಅಂತ ನಮ್ಮ ವಾಟ್ಸಾಪ್ ಗ್ರೂಪಿಗೆ ಕನ್ನಡದ ರೋಚಕ ಕಾದಂಬರಿಗಳ ಪಿಡಿಎಫ್ ತರಿಸಿಕೊಂಡೆವು. ಅವನ್ನು ಬರೆದವರಲ್ಲಿ ಈಗಲೂ ಬರೆಯುತ್ತಿರುವವರಿದ್ದಾರೆ. ಒಂದಕ್ಕೂ ಒಂದು ರೂಪಾಯಿ ಕೊಡಲಿಲ್ಲ. ಆ ಸಂಜೆ ಮಿರ್ಚಿ ಮಂಡಕ್ಕಿಗೆ, ಬೆಣ್ಣೆ ದೋಸೆಗೆ ನಾಲ್ವರೂ ಸೇರಿ ಖರ್ಚು ಮಾಡಿದ್ದರಲ್ಲಿ ಎರಡು ಪುಸ್ತಕ ಬರುತ್ತಿದ್ದವು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ನರಸಿಂಹಯ್ಯನವರ ಪುಸ್ತಕಗಳಿಗೇ ಇದು 2071ರ ಕೊನೆಯವರೆಗೆ ಇರುತ್ತದೆ. ಬದುಕಿರುವವರ ಪುಸ್ತಕದ ವಿಷಯ ಬೇರೆ ಹೇಳಬೇಕಾಗಿಲ್ಲ. ನಮ್ಮ ಕಥೆಯ ಕಳ್ಳನನ್ನು ಹುಡುಕುತ್ತಾ ಕೂತಿದ್ದ ನಾವೇ ಆ ವಾರ ಮಾಡಿದ್ದು ಕಳ್ಳತನ.

ಪತ್ತೇದಾರಿ ಕಾದಂಬರಿಗಳಲ್ಲಿ ಜೊಳ್ಳು ಇಲ್ಲವೇ? ಇದೆ. ತರಾತುರಿಯಲ್ಲಿ ಬರೆದದ್ದು, ಮುಖಪುಟ ನೋಡಿ ಮುಜುಗರವಾಗುವಂಥದ್ದು, ಎಲ್ಲ ಇದೆ. ಕವನ ಸಂಕಲನಗಳಲ್ಲೂ ಜೊಳ್ಳಿದೆ, ಅದಕ್ಕಾಗಿ ಕಾವ್ಯವೇ ಕೀಳು ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು ಮಾತು. ನವೆಂಬರ್ 1ರಂದು ಕಾಲೇಜಿನ ಮುಂದೆ ನಾವೇ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಬಾವುಟಕ್ಕೆ ಕೈಮುಗಿದು, ಅವರು ಬರೆದ ಬಗೆಯ ಕಾದಂಬರಿಗೆ ಮೂಗು ಮುರಿಯುವುದು ಯಾವ ನ್ಯಾಯ?

ಹಳೇ ಮಂದಿಗೆ ಕನ್ನಡ ಓದುವ ರುಚಿ ಹತ್ತಿಸಿದ್ದರಲ್ಲಿ ಈ ಪುಸ್ತಕಗಳ ಪಾಲು ದೊಡ್ಡದು. ನಮ್ಮ ಓನರ್ ಅಜ್ಜ ಇವತ್ತಿಗೂ ಬೆಳಗ್ಗೆ ಪೇಪರಿನ ಕೊನೆಯ ಪುಟದ ತನಕ ಓದುತ್ತಾರೆ. ಆ ರುಚಿ ಹತ್ತಿದ್ದು ಎಲ್ಲಿಂದ ಅಂತ ಕೇಳಿದರೆ ಪುರುಷೋತ್ತಮನ ಹೆಸರನ್ನೇ ಹೇಳುತ್ತಾರೆ. ನಮ್ಮ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರೂ ಕಾದಂಬರಿ ಓದುವುದನ್ನು ಬಿಟ್ಟಿರುವ ಈ ಕಾಲದಲ್ಲಿ ಅಂಥ ಪುಸ್ತಕ ಬರೆಯುವವರು ನಮಗೆ ಬೇಕು. ಅವರು ಬರೆಯುತ್ತಾ ಇರಬೇಕಾದರೆ ಯಾರಾದರೂ ಕೊಳ್ಳಬೇಕಲ್ಲ?

ಹಾಗಾಗಿ ಮೂರು ತೀರ್ಮಾನ ಮಾಡಿದ್ದೇವೆ, ನೀವೂ ಸೇರಿಕೊಳ್ಳಿ. ಗ್ರೂಪಿನಲ್ಲಿದ್ದ ಪಿಡಿಎಫ್‌ಗಳನ್ನು ಅಳಿಸಿದ್ದೇವೆ, ಮುಂದೆ ಹಾಕುವವರಿಗೆ ಬೇಡ ಅನ್ನುತ್ತೇವೆ. ಸಂಘದ ಕಪಾಟಿನಲ್ಲಿ ಒಂದು ಸಾಲು ಪತ್ತೇದಾರಿ ಕಾದಂಬರಿಗೆ ಬಿಡುತ್ತೇವೆ, ತಿಂಗಳಿಗೆ ಒಬ್ಬೊಬ್ಬರು 50 ರೂಪಾಯಿ ಹಾಕಿ ಕೊಳ್ಳುತ್ತೇವೆ. ಮುಂದಿನ ರಾಜ್ಯೋತ್ಸವಕ್ಕೆ ಈಗ ಬರೆಯುತ್ತಿರುವ ಪತ್ತೇದಾರಿ ಕಾದಂಬರಿಕಾರರೊಬ್ಬರನ್ನು ಕರೆಸಬೇಕು ಅಂತ ಸಂಘವನ್ನು ಕೇಳುತ್ತೇವೆ. ಶಾಲು ಹಾರದ ಜೊತೆ ಅವರ ಪುಸ್ತಕವನ್ನೂ ದುಡ್ಡು ಕೊಟ್ಟು ಕೊಳ್ಳಬೇಕು.

ನಾಲ್ಕನೇ ಕಂತೂ ಬರುತ್ತದೆ. ಯುಪಿಎಸ್ ಸಮಸ್ಯೆಗೆ ಒಂದು ದಾರಿ ಹೊಳೆದಿದೆ. ಆದರೆ ಅದನ್ನು ಆ ಜೂನಿಯರ್ ಒಪ್ಪುತ್ತಾನೋ ಇಲ್ಲವೋ ನೋಡಬೇಕು.