ಓಡುವ ರೈಲು, ಕದಲದ ಠಾಣೆ

ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಗೌರಿಬಿದನೂರು ದಾಟುತ್ತಲೇ ಆಂಧ್ರಕ್ಕೆ ಹೊಕ್ಕುತ್ತದೆ. ಹಿಂದೂಪುರ, ಧರ್ಮಾವರಂ, ಗುಂತಕಲ್ಲು, ಮಂತ್ರಾಲಯಂ ರೋಡ್ ಮುಗಿದು ರಾಯಚೂರು ಬಂದಾಗ ಮತ್ತೆ ಕರ್ನಾಟಕ. ಕೃಷ್ಣಾ ನದಿಯ ಆಚೆಗಿನ ಕೃಷ್ಣಾ ನಿಲ್ದಾಣ ತೆಲಂಗಾಣದ್ದು. ಯಾದಗಿರಿ, ವಾಡಿ, ಕಲಬುರಗಿ ಪುನಃ ನಮ್ಮವು. ಅಲ್ಲಿಂದ ಮುಂದೆ ಮಹಾರಾಷ್ಟ್ರ. ಬರ್ತ್ ಮೇಲೆ ಮಲಗಿದವರಿಗೆ ಈ ಗಡಿಗಳ್ಯಾವುವೂ ಕಾಣುವುದಿಲ್ಲ. ಕಳ್ಳನಿಗೆ ಮಾತ್ರ ಚೆನ್ನಾಗಿ ಗೊತ್ತು.

ತಲೆಯಡಿ ಇಟ್ಟುಕೊಂಡ ಬ್ಯಾಗು ಮಾಯವಾದದ್ದು ಕಲಬುರಗಿ ಹತ್ತಿರ ಎಚ್ಚರವಾದಾಗ ತಿಳಿಯಿತು ಎನ್ನಿ. ಇಳಿದು ಠಾಣೆಗೆ ಹೋದ ಹೆಂಗಸಿಗೆ ಎದುರಾಗುವ ಮೊದಲ ಪ್ರಶ್ನೆ, "ಎಲ್ಲಿ ಹೋತ್ರಿ ಅಕ್ಕಾ?" ನಿದ್ದೆಯಲ್ಲಿದ್ದವಳು ಏನೆಂದಾಳು? ಗುಂತಕಲ್ಲಿನಲ್ಲಿ ಬ್ಯಾಗು ಇತ್ತು, ರಾಯಚೂರಿನಲ್ಲಿ ನೋಡಿದ ನೆನಪಿಲ್ಲ. "ಹಂಗಾರ ಅದು ಆಂಧ್ರದ್ದು ಬರ್ತದ್ರಿ." ಇಷ್ಟರಲ್ಲಿ ರೈಲು ಹೊರಡುತ್ತದೆ, ಮಕ್ಕಳೂ ಸಾಮಾನೂ ಅದರಲ್ಲೇ ಇವೆ. ದೂರು ಅಲ್ಲಿಗೇ ಸಾಯುತ್ತದೆ.

ರೈಲಿನ ಅಪರಾಧ ತಡೆಯುವ ಮಾತು ಬಂದಾಗಲೆಲ್ಲ ನಾವು ಬಂದೂಕು, ಕ್ಯಾಮೆರಾ, ಸಿಬ್ಬಂದಿಯ ಕೊರತೆ ಎನ್ನುತ್ತೇವೆ. ಈ ಸಾಯುವ ದೂರನ್ನು ಬದುಕಿಸದೆ ಉಳಿದದ್ದೆಲ್ಲ ದಂಡ ಎಂಬುದು ನನ್ನ ವಾದ.

ನಮ್ಮ ಸಂವಿಧಾನದಲ್ಲಿ ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ಪೊಲೀಸ್, ಅದರಲ್ಲೂ ರೈಲ್ವೆ ಪೊಲೀಸ್ ಎಂದೇ ಹೆಸರಿಸಿ, ರಾಜ್ಯದ ಪಟ್ಟಿಯಲ್ಲಿದೆ. ಹಾಗಾಗಿ ಪ್ಲಾಟ್‌ಫಾರಂನಲ್ಲಿ ಎರಡು ಬಗೆಯ ಖಾಕಿ. 1957ರ ಕಾಯ್ದೆಯಿಂದ ರೂಪುಗೊಂಡ ಕೇಂದ್ರದ ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್ ಹುಟ್ಟಿದ್ದು ರೈಲ್ವೆಯ ಸೊತ್ತು ಕಾಯಲು. ಕಬ್ಬಿಣ, ಕಲ್ಲಿದ್ದಲು, ವ್ಯಾಗನ್ ಅದರ ಚಿಂತೆ. ಪ್ರಯಾಣಿಕರ ರಕ್ಷಣೆಯೂ ಅದರ ಕರ್ತವ್ಯವೆಂದು ಕಾಯ್ದೆಗೆ ಸೇರಿದ್ದು 2003ರ ತಿದ್ದುಪಡಿಯಲ್ಲಿ. ಇಂದಿಗೂ ಅದು ಕಳ್ಳನನ್ನು ಹಿಡಿಯಬಹುದು, ಪ್ರಯಾಣಿಕರ ಬ್ಯಾಗಿನ ಕಳವಿನ ತನಿಖೆ ಮಾಡುವಂತಿಲ್ಲ. ರಾಜ್ಯದ ರೈಲ್ವೆ ಪೊಲೀಸರಿಗೆ, ಅಂದರೆ ಜಿಆರ್‌ಪಿಗೆ ಒಪ್ಪಿಸಬೇಕು. ರೈಲಿನ ಜೊತೆ ರಾಜ್ಯ ರಾಜ್ಯ ದಾಟಬಲ್ಲವರಿಗೆ ಇಂಥ ಕೇಸು ಬರೆಯುವ ಅಧಿಕಾರವಿಲ್ಲ, ಅಧಿಕಾರವಿರುವವರು ಗಡಿ ದಾಟುವುದಿಲ್ಲ. ಆರ್‌ಪಿಎಫ್‌ಗೇ ತನಿಖೆ ವಹಿಸಿ ಎಂಬ ಯೋಚನೆ ಬಂದಾಗ ರಾಜ್ಯಗಳು ಒಪ್ಪಲಿಲ್ಲ. ಅವುಗಳ ಆಕ್ಷೇಪ ಪೂರ್ತಿ ತಪ್ಪೇನಲ್ಲ: ಕಳ್ಳ ನಿಲ್ದಾಣದ ಗೇಟು ದಾಟಿ ಓಣಿಯೊಳಗೆ ಹೋದ ಮೇಲೆ ಅವನ ಜಾಡು ಬಲ್ಲವರು ಊರಿನ ಪೊಲೀಸರೇ.

ಕಾನೂನಿಗೆ ಈ ತೊಡಕು ತಿಳಿಯದ್ದೇನಲ್ಲ. ಪ್ರಯಾಣದ ನಡುವೆ ನಡೆದ ಅಪರಾಧದ ವಿಚಾರಣೆಯನ್ನು ಆ ಪ್ರಯಾಣ ಹಾದುಹೋದ ಯಾವುದೇ ಊರಿನ ನ್ಯಾಯಾಲಯ ನಡೆಸಬಹುದೆಂಬ ನಿಯಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್, ಎಲ್ಲೇ ನಡೆದ ಅಪರಾಧದ ಮಾಹಿತಿಯನ್ನೂ ಯಾವ ಠಾಣೆಯಾದರೂ ದಾಖಲಿಸಬೇಕು ಎನ್ನುತ್ತದೆ. ಮೊಬೈಲ್‌ನಲ್ಲೇ ದೂರು ಕಳಿಸಿ ಮೂರು ದಿನದೊಳಗೆ ಸಹಿ ಹಾಕಿದರೂ ಸಾಕು. ಪ್ರಯಾಣ ನಿಲ್ಲಿಸದೆ ದೂರು ಕೊಡಲಿ ಎಂದೇ ಟಿಟಿಇ, ಗಾರ್ಡ್‌ಗಳ ಬಳಿ ಅರ್ಜಿ ನಮೂನೆ ಇಟ್ಟಿರುವ ಏರ್ಪಾಡು ಹಳೆಯದು. ಅದನ್ನು ಕೇಳಿ ಪಡೆದವರನ್ನು ಹುಡುಕಬೇಕಷ್ಟೆ.

ಕಾನೂನಿದ್ದೂ ದೂರು ಯಾಕೆ ದಾಖಲಾಗುವುದಿಲ್ಲ? ಪತ್ತೆಯಾಗದ ಕೇಸು ಠಾಣೆಯ ತಲೆಮೇಲೆ ಕೂರುತ್ತದೆ. ತಿಂಗಳ ಸಭೆಯಲ್ಲಿ ಕೇಸು ಹೆಚ್ಚಿರುವ ಇನ್‌ಸ್ಪೆಕ್ಟರ್ ತಲೆ ತಗ್ಗಿಸಬೇಕು, ಬರೆಯದೇ ಬಿಟ್ಟವನು ನಿರಾಳ. ಮೊಬೈಲ್ ಎಲ್ಲೋ ಬಿದ್ದುಹೋಯಿತು ಎಂದು ಬರೆಸಿಕೊಂಡು ಸ್ವೀಕೃತಿ ಕೊಟ್ಟು ಕಳಿಸುವ ಜಾಣತನ ಬಂದದ್ದು ಇಲ್ಲಿಂದಲೇ. ಆ ಪೇದೆಯನ್ನು ಬೈದು ಪ್ರಯೋಜನವಿಲ್ಲ. ಅಂಕಿ ಕಡಿಮೆಯಾದರೆ ಅಪರಾಧ ಕಡಿಮೆಯಾಯಿತು ಎಂದು ಬೆನ್ನು ತಟ್ಟುವವರು ಮೇಲಿದ್ದಾರೆ.

ಬರೆಯದ ದೂರಿನ ನಷ್ಟ ಒಬ್ಬ ಪ್ರಯಾಣಿಕಳದ್ದಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ರೈಲುಗಳ್ಳತನಕ್ಕೆ ಒಂದು ಪಾಠವೇ ಇದೆ. ರೈಲು ಆಗತಾನೇ ಹೊರಟು ವೇಗ ಹಿಡಿಯುವ ಮುಂಚೆ, ಕಿಟಕಿಯಾಚೆ ಪ್ಲಾಟ್‌ಫಾರಂ ಮೇಲೆ ನಡೆಯುತ್ತಿರುವವನ ಕೈ ಒಳಗೆ ಬರುತ್ತದೆ. ಸರ ಕಿತ್ತ ಮೇಲೆ ಅವನು ಓಡಬೇಕಾಗಿಯೇ ಇಲ್ಲ, ರೈಲೇ ನಿಮ್ಮನ್ನು ದೂರ ಒಯ್ಯುತ್ತದೆ. ಇನ್ನೂ ಪಳಗಿದವರು ನಾಣ್ಯ ಬಳಸುತ್ತಾರೆ. ಹಳಿಗಳಲ್ಲಿ ಸಿಗ್ನಲ್‌ಗಾಗಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಎರಡು ಹಳಿ ತುಂಡುಗಳ ಸಂದಿಗೆ ನಾಣ್ಯ ಸಿಕ್ಕಿಸಿದರೆ ಅಲ್ಲಿ ರೈಲು ನಿಂತಿದೆಯೆಂದು ವ್ಯವಸ್ಥೆ ಎಣಿಸಿ ಸಿಗ್ನಲ್ ಕೆಂಪಾಗುತ್ತದೆ. ನಡುರಾತ್ರಿ, ಊರಿಲ್ಲದ ಕಡೆ ಗಾಡಿ ನಿಲ್ಲುತ್ತದೆ. ಇಂಥವರು ದಿನಕ್ಕೊಂದು ಜಾಗ ಹುಡುಕುವುದಿಲ್ಲ. ಪಳಗಿದ ಜಾಗಕ್ಕೇ ಮರಳಿ ಬರುತ್ತಾರೆ. ಹತ್ತು ದೂರು ದಾಖಲಾಗಿದ್ದರೆ ಹನ್ನೊಂದನೆಯ ರಾತ್ರಿ ಯಾವ ಕಿಲೋಮೀಟರಿನಲ್ಲಿ ಕಾಯಬೇಕೆಂದು ಪೊಲೀಸರಿಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ನಾಲ್ಕು ಜನ ಪೇದೆಗಳು ಇಡೀ ರೈಲಿನ ತುಂಬ ಸುಮ್ಮನೆ ಓಡಾಡಬೇಕು.

ರೈಲ್ವೆಗೂ ಇದರ ಬಿಸಿ ತಟ್ಟುವುದಿಲ್ಲ. ಬುಕ್ ಮಾಡದೆ ಜೊತೆಗೊಯ್ದ ಸಾಮಾನು ಕಳುವಾದರೆ, ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗದ ಹೊರತು ತಾನು ಹೊಣೆಯಲ್ಲ ಎಂಬ ರಕ್ಷಣೆ 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್‌ನಲ್ಲಿದೆ. ಸೊಂಟದ ಬೆಲ್ಟಿನಲ್ಲಿದ್ದ ಲಕ್ಷ ರೂಪಾಯಿ ಕಳೆದುಕೊಂಡವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅದು ರೈಲ್ವೆಯ ಸೇವಾ ನ್ಯೂನತೆಯಲ್ಲ ಎಂದಿತು. ಸೊಂಟದ ದುಡ್ಡಿನ ಮಟ್ಟಿಗೆ ಸರಿಯೇ. ಆದರೆ ಕಾಯ್ದಿರಿಸಿದ ಬೋಗಿಗೆ ರಾತ್ರಿ ಹೊರಗಿನವರು ನುಗ್ಗದಂತೆ ನೋಡಿಕೊಳ್ಳುವುದು ಯಾರ ಕೆಲಸ? ಹಲವು ಬೋಗಿಗಳನ್ನು ಒಬ್ಬನೇ ಟಿಟಿಇ ತಲೆಗೆ ಕಟ್ಟಿದ್ದು ಪ್ರಯಾಣಿಕರಲ್ಲವಲ್ಲ.

ಕ್ಯಾಮೆರಾ ಬೇಡವೆನ್ನುತ್ತಿಲ್ಲ. 2016ರ ಜೂನ್‌ನಲ್ಲಿ ಚೆನ್ನೈನ ನುಂಗಂಬಾಕ್ಕಂ ನಿಲ್ದಾಣದಲ್ಲಿ ಬೆಳಬೆಳಿಗ್ಗೆ ತರುಣಿಯೊಬ್ಬಳ ಕೊಲೆಯಾದಾಗ ಅಲ್ಲಿ ಒಂದೂ ಕ್ಯಾಮೆರಾ ಇರಲಿಲ್ಲ. 2023ರಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್ ಬಳಿ ಡ್ರಮ್ಮಿನೊಳಗೆ ಹೆಣ ಸಿಕ್ಕಾಗ, ಅದನ್ನು ಆಟೋದಲ್ಲಿ ತಂದಿಟ್ಟವರ ಸುಳಿವು ಕೊಟ್ಟದ್ದು ಕ್ಯಾಮೆರಾವೇ. ಈಗ 74,000 ಬೋಗಿಗಳಿಗೆ ಅದನ್ನು ಅಳವಡಿಸುವ ಯೋಜನೆಯಿದೆ. ಆದರೆ ದೂರೇ ದಾಖಲಾಗದ ಕಳವಿನ ದೃಶ್ಯವನ್ನು ಯಾರು ತೆರೆದು ನೋಡುತ್ತಾರೆ? ಬಂದೂಕಿನ ಮಾತು ಬೇಡವೇ ಬೇಡ. 2023ರ ಜುಲೈ 31ರಂದು ಜೈಪುರ–ಮುಂಬೈ ರೈಲಿನಲ್ಲಿ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದವನು ರಕ್ಷಣೆಗೆಂದು ನೇಮಕವಾಗಿದ್ದ ಆರ್‌ಪಿಎಫ್ ಕಾನ್‌ಸ್ಟೆಬಲ್.

ಠಾಣೆ, ಕೋರ್ಟಿನ ಭಯ ಪ್ರಯಾಣಿಕರಲ್ಲೂ ಇದೆ. 2011ರ ಫೆಬ್ರವರಿ 1ರ ಕೇರಳದ ಘಟನೆ ನನ್ನನ್ನು ಬಿಟ್ಟುಹೋಗಿಲ್ಲ. ಎರ್ನಾಕುಳಂ–ಶೋರನೂರು ಪ್ಯಾಸೆಂಜರ್‌ನ ಮಹಿಳಾ ಬೋಗಿಯಲ್ಲಿ ಒಬ್ಬಳೇ ಉಳಿದಿದ್ದ 23ರ ಹುಡುಗಿಯ ಮೇಲೆ ಹಲ್ಲೆ ನಡೆಯಿತು. ಹಳಿಯ ಪಕ್ಕ ಸಿಕ್ಕ ಆಕೆ ಆರನೆಯ ತಾರೀಕು ತೀರಿಕೊಂಡಳು. ಪಕ್ಕದ ಬೋಗಿಯವರಿಗೆ ಕಿರುಚಾಟ ಕೇಳಿಸಿತ್ತು. ಚೈನ್ ಎಳೆಯಲು ಹೊರಟವರನ್ನು ಬಾಗಿಲಲ್ಲಿ ನಿಂತಿದ್ದ ನಡುವಯಸ್ಸಿನ ಒಬ್ಬರು ತಡೆದರು: ಹುಡುಗಿ ಹಾರಿಕೊಂಡು ಪಾರಾದಳು, ಮುಂದುವರಿಸಿದರೆ ಎಲ್ಲರೂ ಕೋರ್ಟಿಗೆ ಅಲೆಯಬೇಕಾಗುತ್ತದೆ. ಇದು ನ್ಯಾಯಾಲಯದ ಕಡತದಲ್ಲೇ ಇರುವ ಸಾಕ್ಷ್ಯ.

ಎಳೆಯದೆ ಉಳಿದ ಆ ಚೈನಿನ ಹಿಂದೆಯೂ ಒಂದು ಕಥೆಯಿದೆ. 1864ರಲ್ಲಿ ಲಂಡನ್ನಿನ ರೈಲೊಂದರ ಮುಚ್ಚಿದ ಬೋಗಿಯಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ನೌಕರನ ಕೊಲೆಯಾಗಿ ದೇಶವೇ ಬೆಚ್ಚಿದ ಮೇಲೆ, ಪ್ರಯಾಣಿಕರು ಸಿಬ್ಬಂದಿಯನ್ನು ಕರೆಯಲು ಸಾಧನವಿರಬೇಕೆಂಬ ಕಾನೂನು 1868ರಲ್ಲಿ ಅಲ್ಲಿ ಬಂತು. ಇಂದು ನಮ್ಮ ಬೋಗಿಗಳಲ್ಲೂ ಚೈನ್ ಇದೆ, ಕೈ ಹಿಂಜರಿಯುತ್ತದೆ. ಸಕಾರಣವಿಲ್ಲದೆ ಎಳೆದರೆ ಮಾತ್ರ ಶಿಕ್ಷೆ ಎಂಬ ಮಾತು ಬೋಗಿಯ ಫಲಕ ಓದಿದವನ ತಲೆಯಲ್ಲಿ ಉಳಿಯುವುದಿಲ್ಲ. ದಂಡ, ಜೈಲು ಎರಡೇ ಉಳಿಯುತ್ತವೆ. ಠಾಣೆ ಮೆಟ್ಟಿಲು ಹತ್ತುವುದೇ ಶಿಕ್ಷೆ ಎಂದು ಜನ ಬಗೆದಿರುವ ತನಕ ಪಕ್ಕದ ಬೋಗಿಯವರು ಸುಮ್ಮನೇ ಕೂರುತ್ತಾರೆ.

ಆದ್ದರಿಂದ ಟಿಟಿಇ ಕೈಯಲ್ಲಿ ಈಗಾಗಲೇ ಇರುವ, ಖಾಲಿ ಬರ್ತ್ ತೋರಿಸುವ ಯಂತ್ರದಲ್ಲೇ ದೂರೂ ದಾಖಲಾಗಲಿ. ಬರ್ತ್ ಯಾರದೆಂದು ಚಾರ್ಟ್ ಬಲ್ಲುದು, ಗಾಡಿ ಯಾವಾಗ ಎಲ್ಲಿತ್ತೆಂದು ರೈಲ್ವೆಯ ಕಂಪ್ಯೂಟರ್ ಬಲ್ಲುದು. ಯಾವ ಠಾಣೆ ತನಿಖೆ ಮಾಡಬೇಕೆಂಬ ಜಗಳ ಠಾಣೆಗಳ ನಡುವೆಯೇ ನಡೆಯಲಿ. ಪ್ರಯಾಣಿಕ ಇಳಿಯುವ ಮುನ್ನ ಎಫ್‌ಐಆರ್ ಸಂಖ್ಯೆ ಅವನ ಮೊಬೈಲಿಗೆ ಬಂದಿರಲಿ. ರೈಲ್ವೆ ಸಹಾಯವಾಣಿ 139ಕ್ಕೆ ಬಂದ ಕಳವಿನ ಕರೆಗಳೆಷ್ಟು, ಅವುಗಳಲ್ಲಿ ಎಫ್‌ಐಆರ್ ಆದವೆಷ್ಟು ಎಂದು ತಾಳೆ ನೋಡಿದರೆ ಯಾವ ಠಾಣೆ ಬಾಗಿಲು ಮುಚ್ಚಿಕೊಂಡಿದೆಯೆಂದು ತಿಳಿಯುತ್ತದೆ. ರಾಜ್ಯಗಳು ಒಪ್ಪುವುದಿಲ್ಲ ಎಂದು ಕೈಚೆಲ್ಲುವ ಮುನ್ನ ದೆಹಲಿಯವರು ತಮ್ಮ ಖರ್ಚಿನ ಪುಸ್ತಕ ನೋಡಿಕೊಳ್ಳಬಹುದು: ಜಿಆರ್‌ಪಿ ವೆಚ್ಚದ ಅರ್ಧವನ್ನು ರೈಲ್ವೆಯೇ ಭರಿಸುತ್ತದೆ. ಅರ್ಧ ದುಡ್ಡು ಕೊಡುವವರು ಈ ಒಂದು ಲೆಕ್ಕವನ್ನು ಪ್ರತಿ ತಿಂಗಳೂ ಕೇಳಲು ಹೊಸ ಕಾಯ್ದೆ ಬೇಕಿಲ್ಲ.