ಹಣೆಯ ಗೆರೆಯೂ ಸೂಜಿಯ ಮೊನೆಯೂ

ರಾಜಾಜಿನಗರದ ನಮ್ಮ ಮನೆಗೆ ಮೊನ್ನೆ ತಂಗಿಯ ಮಗಳು ಬಂದಿದ್ದಳು. ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಮೈದುನನ ಮದುವೆಗೆ ಮೊದಲು ಹಣೆಯ ಗೆರೆಗಳಿಗೆ ‘ಬೊಟಾಕ್ಸ್’ ಹಾಕಿಸಿಕೊಳ್ಳಲು ನಿಶ್ಚಯಿಸಿದ್ದಳಂತೆ. “ಅರ್ಧ ಗಂಟೆಯ ಕೆಲಸ, ದೊಡ್ಡಮ್ಮ” ಎಂದಳು. “ನೀನು ಹಾಲೂಡಿಸುತ್ತಿರುವೆಯಾ ಎಂದು ಅಲ್ಲಿ ಕೇಳಿದರೇನೇ?” ಎಂದೆ. ಯಾರೂ ಕೇಳಿರಲಿಲ್ಲ; ರಿಯಾಯಿತಿ ದರವನ್ನು ಮಾತ್ರ ಹೇಳಿದ್ದರು. ನನ್ನ ಜಗಳವಿರುವುದು ಇಲ್ಲಿಯೇ.

ಅಲಂಕಾರದ ಮೇಲೆ ನನಗೆ ಹಗೆಯಿಲ್ಲ; ಸ್ನೋ, ಪೌಡರು ಬಳಿದುಕೊಂಡವರೇ ನಾವೂ. ಆದರೆ ಪೌಡರು ಸಂಜೆ ತೊಳೆದರೆ ಹೋಯಿತು. ಇದಾದರೋ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿಯ ವಿಷ. ಕೆಟ್ಟ ಆಹಾರದಲ್ಲಿ ಸೇರಿ ಪ್ರಾಣ ತೆಗೆಯಬಲ್ಲ ಅದನ್ನೇ ಅತ್ಯಲ್ಪವಾಗಿ ಚುಚ್ಚಿದಾಗ, ನರದಿಂದ ಸ್ನಾಯುವಿಗೆ ಬರುವ ಸಂದೇಶ ನಿಂತು ಸುಕ್ಕು ಮಾಯವಾಗುತ್ತದೆ. ಮೂರು-ನಾಲ್ಕು ತಿಂಗಳು ಕಳೆದರೆ ಮತ್ತೆ ಹಳೆಯ ಹಣೆಯೇ! ಔಷಧವಾಗಿ ಇದರ ಉಪಕಾರ ದೊಡ್ಡದು: ಅಮೆರಿಕದಲ್ಲಿ 1989ರಲ್ಲಿ ಅನುಮತಿ ದೊರೆತದ್ದು ಮೆಳ್ಳಗಣ್ಣಿಗೆ, ರೆಪ್ಪೆಗಳ ಸೆಳೆತಕ್ಕೆ, ಹುಬ್ಬುಗಳ ನಡುವಣ ಗೆರೆಗೆ ದೊರೆತದ್ದು 2002ರಲ್ಲಿ.

ಔಷಧವೆಂದ ಮೇಲೆ ನಿಷೇಧವೂ ಉಂಟು. ಬಸುರಿಯರು, ಹಾಲೂಡಿಸುವವರು ಇದನ್ನು ಮುಂದೂಡಬೇಕು. ಅವರಿಗೆ ಸುರಕ್ಷಿತವೆನ್ನಲು ಸಾಕಷ್ಟು ಆಧಾರವಿಲ್ಲ. ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯುಗಳ ರೋಗವುಳ್ಳವರು ದೂರವಿರಬೇಕು. ಚುಚ್ಚುವೆಡೆ ಸೋಂಕಿದ್ದರೆ, ಹಿಂದೆ ಒಮ್ಮೆ ಮೈಗೆ ಒಗ್ಗದೆ ಹೋಗಿದ್ದರೆ, ಕೂಡದು. ಜೆಂಟಮೈಸಿನ್ ಜಾತಿಯ ಔಷಧವನ್ನೋ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೋ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು. ಚುಚ್ಚಿಸಿಕೊಂಡ ಮೇಲೆ, ಕೆಲವು ವಾರಗಳ ಅನಂತರವಾದರೂ ಸರಿ, ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

2022ರ ಮೇ ತಿಂಗಳನ್ನು ನಮ್ಮ ಬಡಾವಣೆ ಇಷ್ಟು ಬೇಗ ಮರೆಯಿತೇ? 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಇಲ್ಲಿಯೇ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಹೋಗಿ ಪ್ರಾಣ ಬಿಟ್ಟರು. ಅದು ಬೇರೆ ಚಿಕಿತ್ಸೆ, ನಿಜ. ಆದರೆ ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯೂ ಚಿಕಿತ್ಸೆಯೇ ಎಂಬ ಪಾಠ ಎರಡಕ್ಕೂ ಒಂದೇ.

ಖಾಸಗಿ ವೈದ್ಯಕೀಯ ಸಂಸ್ಥೆಗಳು ನೋಂದಣಿಯಾಗಿರಬೇಕೆಂದು ನಮ್ಮ ರಾಜ್ಯದಲ್ಲಿ 2007ರ ಕಾಯಿದೆಯೇ ಇದೆ. ಸೀರೆಯಂಗಡಿಯಲ್ಲಿ ಜರಿಯನ್ನು ಉಜ್ಜಿ ಉಜ್ಜಿ ನೋಡುವ ನಾವು, ಸೂಜಿ ಹಿಡಿದವರು ವೈದ್ಯರು ಹೌದೇ ಎಂದು ಕೇಳಲು ಸಂಕೋಚಪಡುವುದೇಕೆ? ನಿಮ್ಮ ಕಾಯಿಲೆ, ಔಷಧಗಳನ್ನು ವಿಚಾರಿಸದೆ ಬೆಲೆ ಹೇಳುವ ಕಡೆಯಿಂದ ಎದ್ದು ಬನ್ನಿ.

ಹುಡುಗಿ ಮುನಿಸಿಕೊಂಡೇ ಹೋದಳು. ಮುನಿಯಲಿ, ಕೂಸು ಹಾಲು ಬಿಡುವವರೆಗಾದರೂ ತಡೆದರೆ ನನ್ನ ಮಾತು ಸಾರ್ಥಕ.