ತೆರಿಗೆಯ ಹೊರೆ, ಶಾಲೆಯ ಹೊಣೆ

ಮನೆತೆರಿಗೆ ಏರಿದಾಗ ಕೂಗೆಬ್ಬಿಸುವುದು ಎಲ್ಲ ಊರುಗಳ ರೂಢಿ. ಚೆನ್ನೈ ನಗರವಾಗಲಿ, ಇಲ್ಲಿ ಮನೆಮಾಡಿ ನೆಲೆಸಿರುವ ಕನ್ನಡಿಗರಾಗಲಿ ಇದಕ್ಕೆ ಹೊರತಲ್ಲ. ೧೯೯೮ರ ತರುವಾಯ ಇಲ್ಲಿ ತೆರಿಗೆಯ ಪರಿಷ್ಕರಣೆ ಬಹುಕಾಲ ನಡೆದಿರಲಿಲ್ಲ. ೨೦೧೮ರಲ್ಲಿ ಮಾಡಿದ ಏರಿಕೆಯನ್ನು ಮರುವರ್ಷವೇ ತಡೆಹಿಡಿಯಲಾಯಿತು. ಕೊನೆಗೆ ೨೦೨೨ರ ಏಪ್ರಿಲ್‌ನಲ್ಲಿ ಪರಿಷ್ಕರಣೆ ಬಂದಾಗ, ನಗರದ ಹಳೆಯ ಭಾಗಗಳಲ್ಲಿ ೬೦೦ ಚದರ ಅಡಿಯೊಳಗಿನ ಮನೆಗಳಿಗೆ ಶೇಕಡ ೫೦, ೧,೮೦೦ ಚದರ ಅಡಿ ಮೀರಿದ ಮನೆಗಳಿಗೆ ಶೇಕಡ ೧೫೦ರಷ್ಟು ಹೆಚ್ಚಳವಾಯಿತು. ೨೦೨೪ರಲ್ಲಿ ಅದರ ಮೇಲೆ ಶೇಕಡ ೬ ಸೇರಿತು. ನಿವೃತ್ತಿ ವೇತನದಲ್ಲಿ ದಿನ ಕಳೆಯುವ ಹಿರಿಯರಿಗೆ ಇದು ಹಗುರವಾದ ಹೊರೆಯಲ್ಲ, ಅಸಮಾಧಾನ ಸಹಜವೇ.

ಆದರೆ ಆ ತೆರಿಗೆಯೊಳಗೆ ಶಿಕ್ಷಣ ತೆರಿಗೆಯೆಂಬ ಒಂದು ಪಾಲು ಇದೆ, ಅದರ ಜೊತೆಗೆ ಗ್ರಂಥಾಲಯ ಕರವೂ ಇದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದಾರೆ? ಕೊಡುವಾಗ ಗೊಣಗುತ್ತೇವೆ, ಕೊಟ್ಟ ಮೇಲೆ ಮರೆಯುತ್ತೇವೆ. ಆ ಹಣ ಯಾವ ಶಾಲೆಗೆ ಹೋಯಿತು, ಯಾವ ಶಿಕ್ಷಕರಿಗೆ ಸಂದಿತು, ಯಾವ ಭಾಷೆಯ ಪಾಠಕ್ಕೆ ಒದಗಿತು ಎಂದು ವಿಚಾರಿಸುವವರು ವಿರಳ. ಭಾಷಾ ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ನಮ್ಮಂಥವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಈ ನಗರದ ಚರಿತ್ರೆಯಲ್ಲಿಯೇ ಇದಕ್ಕೊಂದು ಪಾಠವಿದೆ. ಸ್ಥಳೀಯ ಸಂಸ್ಥೆಗಳು ಶಿಕ್ಷಣ ತೆರಿಗೆ ವಿಧಿಸಲು ಅವಕಾಶವಾದದ್ದು ೧೯೨೦ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದ ನಗರಪಾಲಿಕೆಯು ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯ ಮಕ್ಕಳಿಗೆ, ತಲೆಗೆ ದಿನಕ್ಕೆ ಒಂದಾಣೆ ಮೀರದಂತೆ ಉಪಾಹಾರ ಕೊಡಲು ನಿರ್ಣಯಿಸಿತು. ಬಳಿಕ ಇನ್ನೂ ನಾಲ್ಕು ಶಾಲೆಗಳಿಗೆ ಅದು ವಿಸ್ತರಿಸಿತು. ೧೯೨೨-೨೩ರಲ್ಲಿ ೮೧೧ ಇದ್ದ ಮಕ್ಕಳ ಸಂಖ್ಯೆ ೧೯೨೪-೨೫ರ ಹೊತ್ತಿಗೆ ೧,೬೭೧ಕ್ಕೆ ಏರಿತು. ಆದರೂ ಪ್ರಾಥಮಿಕ ಶಿಕ್ಷಣ ನಿಧಿಯ ಹಣವನ್ನು ಊಟಕ್ಕೆ ಬಳಸಕೂಡದೆಂದು ಅಂದಿನ ಸರ್ಕಾರ ಆಕ್ಷೇಪಿಸಿದ್ದರಿಂದ ೧೯೨೫ರಲ್ಲಿ ಯೋಜನೆ ನಿಂತುಹೋಯಿತು. ಮಕ್ಕಳು ಬಂದಿದ್ದರು, ಹಣವೂ ಇತ್ತು. ಹಣ ಹೇಗೆ ವ್ಯಯವಾಗಬೇಕೆಂಬ ನಿಯಮವೇ ಶಾಲೆಯ ಹಣೆಬರಹವನ್ನು ಬರೆಯಿತು. ಕಾಮರಾಜರು ೧೯೫೬ರಲ್ಲಿ ಆ ಕಾರ್ಯವನ್ನು ಮತ್ತೆ ಕೈಗೆತ್ತಿಕೊಳ್ಳುವವರೆಗೆ ಮೂರು ದಶಕಗಳು ಕಳೆದವು. ಚೆನ್ನೈ ಕನ್ನಡಿಗರ ಬಹುಪಾಲು ಸಭೆ ಸಮಾರಂಭಗಳು ನಡೆಯುವ ತ್ಯಾಗರಾಯನಗರವು ಆ ಮಹನೀಯರ ಹೆಸರನ್ನೇ ಹೊತ್ತಿದೆ.

ಶಾಲೆಗೆ ಕೊಡುವ ಹಣವೆಂದರೆ ಬಹುಪಾಲು ಶಿಕ್ಷಕರ ಸಂಬಳವೇ. ಅದನ್ನು ಹೊರೆಯೆಂದು ಬಗೆಯುವ ಮನೋಭಾವ ಸರ್ಕಾರಗಳಲ್ಲಿಯೂ ಇದೆ, ಸುಶಿಕ್ಷಿತ ನಾಗರಿಕರಲ್ಲಿಯೂ ಇದೆ. ೨೦೦೩ರ ಜುಲೈನಲ್ಲಿ ತಮಿಳುನಾಡಿನ ನೌಕರರು ಮತ್ತು ಶಿಕ್ಷಕರು ಮುಷ್ಕರ ಹೂಡಿದಾಗ ಸುಮಾರು ೧.೭ ಲಕ್ಷ ಮಂದಿಯನ್ನು ಒಮ್ಮೆಗೇ ವಜಾ ಮಾಡಲಾಯಿತು. ಬಹುಪಾಲು ಜನ ಮರಳಿ ಕೆಲಸಕ್ಕೆ ಬಂದರೂ, ಮುಷ್ಕರ ಮೂಲಭೂತ ಹಕ್ಕಲ್ಲವೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು ಉಳಿಯಿತು. ೨೦೦೯ರ ಮೇ ಅಂತ್ಯದೊಳಗೆ ನೇಮಕಗೊಂಡ ಪ್ರಾಥಮಿಕ ಶಿಕ್ಷಕರಿಗೆ ೮,೩೭೦ ರೂಪಾಯಿ ಮೂಲವೇತನವಾದರೆ, ಜೂನ್ ಒಂದರ ನಂತರ ಬಂದವರಿಗೆ ೫,೨೦೦ ರೂಪಾಯಿ. ಒಂದೇ ಶಾಲೆಯಲ್ಲಿ ಒಂದೇ ಪಾಠ ಹೇಳುವ ಇಬ್ಬರಿಗೆ ಎರಡು ಬಗೆಯ ಸಂಬಳ! ಸಮಾನ ಕೆಲಸಕ್ಕೆ ಸಮಾನ ವೇತನವೆಂದು ೨೦೨೨ರ ಡಿಸೆಂಬರ್‌ನಲ್ಲಿ ಅವರು ಇದೇ ನಗರದ ಶಿಕ್ಷಣ ಇಲಾಖೆಯ ಆವರಣದಲ್ಲಿ ಉಪವಾಸ ಕುಳಿತರು. ೨೦೧೨ರಲ್ಲಿ ಚಿತ್ರಕಲೆ, ವ್ಯಾಯಾಮ ಮೊದಲಾದವುಗಳಿಗೆಂದು ನೇಮಿಸಿದ ೧೬,೫೪೯ ಅರೆಕಾಲಿಕ ಶಿಕ್ಷಕರಿಗೆ ಆರಂಭದಲ್ಲಿ ಸಿಕ್ಕಿದ್ದು ತಿಂಗಳಿಗೆ ೫,೦೦೦ ರೂಪಾಯಿ.

ಕೇಂದ್ರದ ಕಥೆಯೂ ಬೇರೆಯಲ್ಲ. ೨೦೦೪ರಲ್ಲಿ ಶೇಕಡ ೨ರಷ್ಟು ಶಿಕ್ಷಣ ಮೇಲ್ತೆರಿಗೆ ಬಂದಿತು. ೨೦೦೭ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಶೇಕಡ ೧ ಸೇರಿತು. ೨೦೧೮ರಲ್ಲಿ ಆರೋಗ್ಯವನ್ನೂ ಕೂಡಿಸಿ ಅದು ಶೇಕಡ ೪ ಆಯಿತು. ಈ ಮೇಲ್ತೆರಿಗೆಯನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಕಟ್ಟುಪಾಡು ಕೇಂದ್ರಕ್ಕಿಲ್ಲ. ೨೦೦೭ರಿಂದ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸಂಗ್ರಹವಾದ, ೯೪ ಸಾವಿರ ಕೋಟಿ ರೂಪಾಯಿಗಳಷ್ಟು ಹಣ ಅದಕ್ಕೆಂದು ಮೀಸಲಾದ ನಿಧಿಗೆ ಸೇರಲಿಲ್ಲವೆಂದು ಮಹಾಲೇಖಪಾಲರ ವರದಿಯೇ ಹೇಳಿತು. ಪಿಎಂ ಶ್ರೀ ಶಾಲೆಗಳ ಒಪ್ಪಂದಕ್ಕೆ ತಮಿಳುನಾಡು ಸಹಿ ಹಾಕಲಿಲ್ಲವಾಗಿ, ಸಮಗ್ರ ಶಿಕ್ಷಾ ಯೋಜನೆಯ ೨೦೨೪-೨೫ರ ಪಾಲು ೨,೧೫೨ ಕೋಟಿ ರೂಪಾಯಿ ತಡೆಹಿಡಿಯಲ್ಪಟ್ಟಿತು. ೨೦೨೫ರ ಮೇ ತಿಂಗಳಲ್ಲಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ಮೂರು ಭಾಷೆಯೋ ಎರಡು ಭಾಷೆಯೋ ಎಂಬ ವಿವಾದದಲ್ಲಿ ಯಾರ ಪಕ್ಷ ನ್ಯಾಯವಾದರೂ ಆಗಲಿ, ಅದರ ಬಿಸಿ ತಟ್ಟುವುದು ತರಗತಿಯ ಕೋಣೆಗೆ.

ಇನ್ನು ನಮ್ಮ ಮಾತಿಗೆ ಬರೋಣ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸುವುದು ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ೧೯೫೬ರಲ್ಲಿ ಸೇರಿಸಿದ ಸಂವಿಧಾನದ ೩೫೦ಎ ವಿಧಿ ಹೇಳುತ್ತದೆ. ಆದರೆ ಸೌಲಭ್ಯವೆಂಬುದು ಕಟ್ಟಕಡೆಗೆ ಒಂದು ಶಿಕ್ಷಕರ ಹುದ್ದೆ, ಹುದ್ದೆಯೆಂದರೆ ಅನುದಾನ. ತಮಿಳುನಾಡಿನಲ್ಲಿ ೧೯೯೧-೯೨ನೆಯ ಶೈಕ್ಷಣಿಕ ವರ್ಷದಿಂದ ಈಚೆಗೆ ಆರಂಭವಾದ ಖಾಸಗಿ ಶಾಲೆಗೂ ತರಗತಿಗೂ ಅನುದಾನವಿಲ್ಲವೆಂದು ಕಾಯಿದೆಯೇ ಸಾರಿತು. ತವರಿನತ್ತ ಬೆರಳು ತೋರಿ ಸಮಾಧಾನ ಪಡುವಂತೆಯೂ ಇಲ್ಲ. ೧೯೯೫ರ ಬಳಿಕ ಹುಟ್ಟಿದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿರೆಂದು ಕರ್ನಾಟಕದಲ್ಲಿಯೇ ವರ್ಷವರ್ಷವೂ ಬೇಡಿಕೆ ಸಲ್ಲಬೇಕಾಗಿ ಬಂದಿದೆ. ಹೀಗಾಗಿ ಹೊರನಾಡಿನಲ್ಲಿ ಹಿರಿಯರು ಆ ಗಡುವಿಗೆ ಮುನ್ನ ಗಳಿಸಿಟ್ಟ ಹುದ್ದೆಗಳೇ ನಮ್ಮ ಆಸ್ತಿ.

ಆ ಆಸ್ತಿ ಕರಗುವ ಬಗೆ ಸದ್ದಿಲ್ಲದ್ದು. ಹುದ್ದೆಗಳು ನಿಗದಿಯಾಗುವುದು ಮಕ್ಕಳ ಸಂಖ್ಯೆಯ ಮೇಲೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆಡೆಗೆ ಹೋಗುತ್ತಾರೆ. ನಿವೃತ್ತರಾದರೆ ಆ ಸ್ಥಾನ ತುಂಬುವುದಿಲ್ಲ. ಶಿಕ್ಷಕರಿಲ್ಲದ ಶಾಲೆಗೆ ಮಕ್ಕಳು ಬರುವುದಿಲ್ಲ. ಮಕ್ಕಳಿಲ್ಲವೆಂಬ ಕಾರಣಕ್ಕೆ ಮತ್ತೆ ಶಿಕ್ಷಕರಿಲ್ಲ. ೨೦೦೬ರ ತಮಿಳು ಕಲಿಕಾ ಕಾಯಿದೆ ತರಗತಿಯಿಂದ ತರಗತಿಗೆ ಏರಿ ೨೦೧೫-೧೬ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿದಾಗ ಅಲ್ಪಸಂಖ್ಯಾತರ ವಿದ್ಯಾರ್ಥಿಗಳು ನ್ಯಾಯಾಲಯದ ವಿನಾಯಿತಿಯಿಂದ ಪಾರಾದರು. ೨೦೨೩ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಪರೀಕ್ಷೆಗೂ ವಿನಾಯಿತಿಯನ್ನು ಮುಂದುವರಿಸಿತು. ಬಾಳುವ ನೆಲದ ನುಡಿಯನ್ನು ಕಲಿಯುವುದು ನಮ್ಮ ಧರ್ಮ. ತಮಿಳಿನ ಬಗ್ಗೆ ನಮಗೆ ತಕರಾರಿಲ್ಲ. ತಾಯ್ನುಡಿಯ ಶಿಕ್ಷಕರ ಸ್ಥಾನ ಉಳಿಯಬೇಕೆಂಬುದಷ್ಟೇ ನಮ್ಮ ಕೇಳಿಕೆ. ಕಾಸರಗೋಡಿನಲ್ಲಿ ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಪೋಷಕರೂ ಮಕ್ಕಳೂ ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ತಾಳವಾಡಿ, ಹೊಸೂರು ಸೀಮೆಗಳ ಕನ್ನಡ ಶಾಲೆಗಳನ್ನು ಇಂದಿಗೂ ಹಿಡಿದು ನಿಲ್ಲಿಸಿರುವವರು ಅಲ್ಲಿನ ರೈತರು, ಕೂಲಿಕಾರರು. ಅವರಿಗೆ ಸರ್ಕಾರಿ ಶಾಲೆಯಲ್ಲದೆ ಅನ್ಯ ಗತಿಯಿಲ್ಲ.

ಚೆನ್ನೈನ ನಾವಾದರೋ ಬೇರೆ ಗತಿ ಉಳ್ಳವರು. ಮಕ್ಕಳನ್ನು ದುಬಾರಿ ಶುಲ್ಕದ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿ, ರಾಜ್ಯೋತ್ಸವದಂದು ಕನ್ನಡದ ಅಳಿವು ಉಳಿವಿನ ಬಗ್ಗೆ ಭಾಷಣ ಮಾಡುತ್ತೇವೆ. ಶುಲ್ಕವನ್ನು ಕೇಳಿದಷ್ಟು ತೆತ್ತು, ತೆರಿಗೆಗೆ ಮಾತ್ರ ಮುಖ ಸಿಂಡರಿಸುತ್ತೇವೆ. ಶುಲ್ಕ ಒಬ್ಬರ ಮಗುವಿಗೆ, ತೆರಿಗೆ ಎಲ್ಲರ ಮಕ್ಕಳಿಗೆ ಎಂಬ ವಿವೇಕ ನಮಗೆ ಬೇಕು. ಶಾಲೆಗಾಗಿ ಏರುವ ತೆರಿಗೆಯನ್ನು ವಿರೋಧಿಸುವುದು ಭಾಷಾ ಅಲ್ಪಸಂಖ್ಯಾತರಿಗೆ ಆತ್ಮಘಾತುಕ. ಏಕೆಂದರೆ ಸಾರ್ವಜನಿಕ ಹಣ ಬತ್ತಿದಾಗ ಮೊದಲು ಕಳಚಿಬೀಳುವುದು ಚಿಕ್ಕ ಭಾಷೆಯ ಹುದ್ದೆಯೇ.

ಹಾಗಾದರೆ ಸಂಘಗಳು ಮಾಡಬಹುದಾದುದೇನು? ಮೊದಲನೆಯದಾಗಿ, ಶಿಕ್ಷಣ ತೆರಿಗೆಯಾಗಿ ಸಂದಾಯವಾದ ಹಣ ಎಷ್ಟು, ವ್ಯಯವಾದದ್ದೆಷ್ಟು ಎಂಬ ಲೆಕ್ಕವನ್ನು ಪಾಲಿಕೆಯಿಂದ ವರ್ಷಕ್ಕೊಮ್ಮೆ ಬರಹದಲ್ಲಿ ಕೇಳಬೇಕು. ಮಾಹಿತಿ ಹಕ್ಕಿನ ಕಾಯಿದೆ ಇರುವುದು ಇದಕ್ಕಾಗಿಯೇ. ಎರಡನೆಯದಾಗಿ, ತಮಿಳುನಾಡಿನಲ್ಲಿ ಉಳಿದಿರುವ ಕನ್ನಡ ಶಿಕ್ಷಕರ ಹುದ್ದೆಗಳ ಪಟ್ಟಿಯೊಂದನ್ನು ಸಂಘಗಳು ಒಟ್ಟಾಗಿ ಸಿದ್ಧಪಡಿಸಿ, ಯಾವುದು ಯಾವಾಗ ತೆರವಾಗುವುದೆಂದು ಮುಂಚಿತವಾಗಿ ಅರಿತು ಸರ್ಕಾರದ ಗಮನಕ್ಕೆ ತರಬೇಕು. ತೆಲುಗು, ಮಲಯಾಳಂ, ಉರ್ದು ಬಾಂಧವರೊಡನೆ ಕೂಡಿ ಕೇಳಿದರೆ ದನಿಗೆ ಬಲ ಬರುತ್ತದೆ. ಮೂರನೆಯದಾಗಿ, ನಮ್ಮ ಸಂಘಗಳೇ ನಡೆಸುವ ಕನ್ನಡ ತರಗತಿಗಳ ಶಿಕ್ಷಕರಿಗೆ ಗೌರವಧನದ ಹೆಸರಿನಲ್ಲಿ ಬಸ್ಸಿನ ಖರ್ಚು ಕೊಟ್ಟು ಕೈತೊಳೆದುಕೊಳ್ಳುವುದು ನಿಲ್ಲಬೇಕು. ವಾರ್ಷಿಕೋತ್ಸವದ ಶಾಮಿಯಾನ, ಶಾಲು, ಹಾರಗಳ ವೆಚ್ಚದಲ್ಲಿ ಒಂದು ಪಾಲನ್ನು ಅವರ ಸಂಬಳಕ್ಕೆಂದು ತೆಗೆದಿರಿಸಿದರೆ, ಸರ್ಕಾರದ ಮುಂದೆ ನಿಂತು ಶಿಕ್ಷಕರ ಪರವಾಗಿ ಮಾತನಾಡುವ ಅರ್ಹತೆ ನಮಗೆ ಬಂದೀತು.

ಬರಲಿರುವ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರು ವಿಷಯಗಳಿಗೆ ಸ್ಥಾನ ದೊರೆಯಲಿ. ಓದುಗರು ತಮ್ಮ ತಮ್ಮ ಬಡಾವಣೆಯ ಶಾಲೆಗಳ ಸ್ಥಿತಿಗತಿಗಳನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಈ ಚರ್ಚೆಯನ್ನು ಮುಂದುವರಿಸಲು ಅನುಕೂಲವಾಗುತ್ತದೆ.